ಬಿಳಿಯ ಮೇಲೆ ಬಿಳಿ

ಪರಾಸ್ಕಾ ಹ್ಲಾದುನ್ ಸೋಮವಾರ ಬೆಳಿಗ್ಗೆ ತೀರಿಕೊಂಡಳು. ಎಂಬತ್ತೆರಡು ವರ್ಷದ ಜೀವ, ಒಂದು ದಿನವೂ ಇನ್ನೊಬ್ಬರ ಮಾತು ಕೇಳಿದ್ದಲ್ಲ. ಇನ್ನೊಂದು ವಾರ ಕಳೆಯಬಹುದು ಎಂದು ಡಾಕ್ಟರು ಹೇಳಿದ್ದರು; ಅವರ ಮಾತನ್ನೂ ಕೇಳಲಿಲ್ಲ. ಸತ್ತ ಮೇಲಾದರೂ ಮಗಳು ಓರಿಸ್ಯಾಳಿಗೆ ಅಮ್ಮನ ಆಜ್ಞೆಗಳಿಂದ ಬಿಡುಗಡೆ ಸಿಕ್ಕಿತು ಎಂದು ಯಾರಾದರೂ ತಿಳಿದಿದ್ದರೆ ಅವರಿಗೆ ಪರಾಸ್ಕಾಳ ಪರಿಚಯವೇ ಇರಲಿಲ್ಲವೆಂದು ಅರ್ಥ. ಬೀರುವಿನ ತಳದಲ್ಲಿ ಸಾವಿನ ಗಂಟು ಕಾಯುತ್ತಿತ್ತು.

ವಿನಿಪೆಗ್ ಊರಿನ ಉತ್ತರ ಭಾಗದಲ್ಲಿ, ವಲಸೆ ಬಂದು ನೆಲೆಸಿದ ಯಾವ ಉಕ್ರೇನಿ ಮುದುಕಿಯ ಬೀರು ತೆಗೆದರೂ ಇಂಥದೊಂದು ಗಂಟು ಸಿಗುತ್ತದೆ. ಹೂಳುವಾಗ ತೊಡಿಸುವ ಅಂಗಿ, ತಲೆವಸ್ತ್ರ, ಕಾಲುಚೀಲ, ಮೇಣದಬತ್ತಿ, ಹೆಗಲು ಕೊಟ್ಟವರಿಗೆ ಹಂಚುವ ಕರವಸ್ತ್ರ, ಎಲ್ಲವನ್ನೂ ಒಗೆದು ಇಸ್ತ್ರಿ ಮಾಡಿ ಕಟ್ಟಿಟ್ಟಿರುತ್ತಾರೆ. ಬೇರೆಯವರು ಅರವತ್ತು ದಾಟಿದ ಮೇಲೆ ಈ ಕೆಲಸಕ್ಕೆ ಕೈ ಹಾಕುತ್ತಾರೆ. ಪರಾಸ್ಕಾ ಮೂವತ್ತೆಂಟಕ್ಕೇ ಕಟ್ಟಿದವಳು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಗಾಳಿಗೆ ಹಾಕುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಾವು ಸ್ವಂತ ವಿಷಯ, ಇನ್ನೊಬ್ಬರಿಗೆ ಯಾಕೆ, ಎನ್ನುತ್ತಿದ್ದಳು.

ಮಂಗಳವಾರ ಓರಿಸ್ಯಾ ತನ್ನ ಮಗಳು ದಾರ್ಕಾಳನ್ನು ಕೂರಿಸಿಕೊಂಡು ಗಂಟು ಬಿಚ್ಚಿದಳು. ಮೇಲೆಯೇ ಒಂದು ಹಾಳೆ ಪಿನ್ನು ಚುಚ್ಚಿಕೊಂಡು ಕೂತಿತ್ತು, ಅಮ್ಮನ ದೊಡ್ಡ ದೊಡ್ಡ ಅಕ್ಷರ. ದಾರ್ಕಾ ಗಟ್ಟಿಯಾಗಿ ಓದಿದಳು.

"ಪೆಟ್ಟಿಗೆ ದುಬಾರಿಯದು ಬೇಡ, ಮಣ್ಣಿಗೆ ಹೋಗೋದಕ್ಕೆ ಪಾಲಿಶ್ ಯಾಕೆ. ಕೆನ್ನೆಗೆ ಬಣ್ಣ ಹಚ್ಚಿಸಿದರೆ ಎದ್ದು ಬರುತ್ತೇನೆ. ಪಾದ್ರಿಯನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಲು ಬಿಡಬೇಡ, ಅವನಿಗೆ ನಿಲ್ಲಿಸಲು ಬರೋದಿಲ್ಲ. ಕಡುಬಿಗೆ ಕೆಂಪು ಆಲೂಗಡ್ಡೆ ಹಾಕಬೇಡ, ನೀರು ಬಿಡುತ್ತೆ. ಈ ಗಂಟಿನಲ್ಲಿರೋ ಅಂಗಿ ತೊಡಿಸು. ಬೇರೆಯದಲ್ಲ."

ಓದುತ್ತಾ ದಾರ್ಕಾಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಹಾಳೆಯ ಹಿಂಬದಿಯಲ್ಲಿ ಪತ್ರಿಕೆಗೆ ಕೊಡಬೇಕಾದ ಮರಣವಾರ್ತೆಯನ್ನೂ ಬರೆದಿಟ್ಟಿದ್ದಳು. ಹುಟ್ಟಿದ ವರ್ಷವಿತ್ತು, ಹುಟ್ಟಿದ ಊರಿರಲಿಲ್ಲ. ಪಾಪ, ವಯಸ್ಸಾದ ಮೇಲೆ ಮರೆತಿರಬೇಕು ಎಂದುಕೊಂಡು ಓರಿಸ್ಯಾ ತಾನೇ ಲೊಝಾನಿವ್ಕಾ ಎಂದು ತುಂಬಿ ಪತ್ರಿಕೆಗೆ ಕಳಿಸಿದಳು.

ಗಂಟಿನಲ್ಲಿದ್ದ ಅಂಗಿ ನೋಡಿ ಮಾತ್ರ ಇಬ್ಬರೂ ಪೆಚ್ಚಾದರು.

ಅಂಗಿಯ ವಿಷಯ ಸ್ವಲ್ಪ ಹೇಳಬೇಕು. ಆ ಜನಕ್ಕೆ ಕಸೂತಿ ಬರೀ ಅಲಂಕಾರವಲ್ಲ. ತೋಳಿನ ಹೊಲಿಗೆ ನೋಡಿ ಯಾವ ಸೀಮೆ, ಯಾವ ಊರು ಎಂದು ಹೇಳಿಬಿಡುವ ಮುದುಕಿಯರಿದ್ದಾರೆ. ಪರಾಸ್ಕಾ ಪಶ್ಚಿಮ ಉಕ್ರೇನಿನ ಬೋರ್ಶ್ಚಿವ್ ಸೀಮೆಯ ಲೊಝಾನಿವ್ಕಾದವಳು. ಆ ಕಡೆಯ ಅಂಗಿಗೆ ಭುಜದಿಂದ ಮಣಿಕಟ್ಟಿನವರೆಗೆ ಕಪ್ಪು ದಾರ, ಬಟ್ಟೆಯೇ ಕಾಣದಷ್ಟು ದಟ್ಟ. ಪರಾಸ್ಕಾಳ ಕಪ್ಪು ಅಂಗಿ ಚರ್ಚಿನ ಗಂಟೆಯಷ್ಟೇ ಪ್ರಸಿದ್ಧವಾಗಿತ್ತು. ಹಬ್ಬಕ್ಕೆ, ಮದುವೆಗೆ, ಬಿಷಪ್ಪರು ಬಂದಾಗ ಅದೇ. ಅದನ್ನೇ ತೊಟ್ಟು ಇಪ್ಪತ್ತೆರಡು ವರ್ಷ ಚರ್ಚಿನ ಮಹಿಳಾ ಸಂಘ ಆಳಿದ್ದಳು.

ಗಂಟಿನಲ್ಲಿದ್ದದ್ದು ಉದ್ದನೆಯ ಬಿಳಿ ಅಂಗಿ. ಬರೀ ಬಿಳಿ.

"ಇದು ನೈಟಿ ಥರ ಇದ್ಯಲ್ಲಮ್ಮ," ಎಂದಳು ದಾರ್ಕಾ.

"ಕಣ್ಣು ಕಾಣ್ತಿರಲಿಲ್ಲ, ಯಾವುದೋ ಕಟ್ಟಿಟ್ಟಿದ್ದಾರೆ," ಎಂದಳು ಓರಿಸ್ಯಾ. "ಇದರಲ್ಲಿ ಮಲಗಿಸಿದ್ರೆ ಸಂಘದ ಹೆಂಗಸರು ನನ್ನನ್ನ ಅಲ್ಲೇ ಹೂಳ್ತಾರೆ."

ಬಿಳಿಯದನ್ನು ಕುರ್ಚಿಯ ಮೇಲೆ ಹಾಕಿ, ಕಪ್ಪು ಅಂಗಿಯನ್ನು ಶವ ಸಿಂಗರಿಸುವವರಿಗೆ ಕೊಟ್ಟು ಬಂದಳು. ಅಮ್ಮನಿಗಿಂತ ಅಮ್ಮನ ಮನಸ್ಸು ತನಗೇ ಚೆನ್ನಾಗಿ ಗೊತ್ತು ಎಂಬ ಧೈರ್ಯ. ಆ ಧೈರ್ಯ ಹೆಣ್ಣುಮಕ್ಕಳಿಗೆ ತಾಯಿ ಸತ್ತ ಮೊದಲ ಎರಡು ದಿನ ಇರುತ್ತದೆ.

ಪರಾಸ್ಕಾಳ ಆಳ್ವಿಕೆ ಎಂದರೆ ಸುಮ್ಮನೆ ಅಲ್ಲ. ಪ್ರತಿ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಇಪ್ಪತ್ತು ಹೆಂಗಸರು ಕೂತು ಸಾವಿರಗಟ್ಟಲೆ ಆಲೂಗಡ್ಡೆ ಕಡುಬು ಒತ್ತುತ್ತಿದ್ದರು. ಯಾರ ಕಡುಬಿನ ಅಂಚಾದರೂ ದಪ್ಪವಾದರೆ ಪರಾಸ್ಕಾ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಯಾರಮ್ಮ ಮಾಡಿದ್ದು, ಪೂರ್ವದವರ ಕೈಕೆಲಸದ ಹಾಗಿದೆ," ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಪೂರ್ವದವರು ಎಂದರೆ ಸೋವಿಯತ್ ಕಡೆಯ ಉಕ್ರೇನಿನವರು. ಅವರು ಬೀಟ್‌ರೂಟ್ ಸಾರಿಗೆ ಸಕ್ಕರೆ ಸುರಿಯುತ್ತಾರೆ, ಅರ್ಧ ರಷ್ಯನ್ ಮಾತಾಡುತ್ತಾರೆ, ಅವರಿಗೆ ಕಸೂತಿಯೂ ಬಾರದು, ದೇವರೂ ಗೊತ್ತಿಲ್ಲ. ಇದು ಪರಾಸ್ಕಾಳ ಖಚಿತ ಅಭಿಪ್ರಾಯ. ಪರಾಸ್ಕಾಳದು ಕ್ಯಾಥೊಲಿಕ್ ಚರ್ಚು; ರಸ್ತೆಯ ಆಚೆ ಬದಿಯ ಆರ್ಥೊಡಾಕ್ಸ್ ಚರ್ಚಿಗೆ ಅಂಥವರೇ ಹೆಚ್ಚು ಹೋಗುತ್ತಿದ್ದರು. ಅದೇ ದೇವರು, ಅದೇ ಪ್ರಾರ್ಥನೆ, ಅದೇ ಕಡುಬು. ಆದರೂ ಪರಾಸ್ಕಾ ಆ ಬದಿಯ ಕಾಲುಹಾದಿಯಲ್ಲಿ ನಡೆಯುತ್ತಿರಲಿಲ್ಲ.

ಓರಿಸ್ಯಾ ಇಪ್ಪತ್ತೊಂದರಲ್ಲಿ ಆ ರಸ್ತೆ ದಾಟಿದ್ದಳು. ಅದು ಸಾವಿರದ ಒಂಬೈನೂರ ಅರವತ್ತೆಂಟು. ಹುಡುಗನ ಹೆಸರು ಒಲೆಕ್ಸಾ, ಅವನ ಅಪ್ಪ ಪೂರ್ವದ ಪೋಲ್ಟಾವಾ ಸೀಮೆಯವನು. ವಿಷಯ ತಿಳಿದ ದಿನವೇ ಪರಾಸ್ಕಾ ಅವರ ಮನೆ ಬಾಗಿಲಿಗೆ ಹೋಗಿ ನಿಂತು ಬಾಯಿಗೆ ಬಂದದ್ದು ಬೈದು ಬಂದಳು. ಮನೆಯಲ್ಲಿ ಮೂರು ದಿನ ಊಟ ಬಿಟ್ಟಳು, ಕನಿಷ್ಠಪಕ್ಷ ನೋಡುವವರ ಮುಂದೆ ಬಿಟ್ಟಳು. ಓರಿಸ್ಯಾ ಜಗಳಕ್ಕೆ ಸೊಂಟ ಕಟ್ಟಿದ್ದಳು. ಆದರೆ ಮುಂದಿನ ಭಾನುವಾರ ಒಲೆಕ್ಸಾನೇ ಬಂದು, "ಬೇಡ ಬಿಡು ಓರಿಸ್ಯಾ, ಇದು ಆಗೋದಲ್ಲ," ಎಂದ. ಕಾರಣ ಕೇಳಿದರೆ ನೆಲ ನೋಡಿದ. ಅಮ್ಮನನ್ನು ಓರಿಸ್ಯಾ ಕಾಲಾನಂತರ ಕ್ಷಮಿಸಿದಳು, ಅಮ್ಮಂದಿರು ಇರುವುದೇ ಹಾಗೆ. ಒಲೆಕ್ಸಾನನ್ನು ಕ್ಷಮಿಸಲಿಲ್ಲ. ಅಮ್ಮ ಮೂರು ತಲೆಮಾರು ಶೋಧಿಸಿ ತಂದ ಬೋರ್ಶ್ಚಿವ್ ಮೂಲದ ಗಂಡನ್ನು ಮದುವೆಯಾದಳು. ಅವನು ಹನ್ನೊಂದು ವರ್ಷ ಸಂಸಾರ ಮಾಡಿ, ಫಿನ್ಲೆಂಡಿನ ಮೂಲದ ಒಬ್ಬ ಕೇಶ ಸಿಂಗರಿಸುವವಳ ಜೊತೆ ವ್ಯಾಂಕೂವರಿಗೆ ಹೊರಟುಹೋದ. ಅವಳ ಕಸೂತಿ ಯಾವ ಸೀಮೆಯದು ಎಂದು ಯಾರೂ ವಿಚಾರಿಸಲಿಲ್ಲ.

ಬುಧವಾರ ಮಧ್ಯಾಹ್ನ ಓರಿಸ್ಯಾ ಕುರ್ಚಿಯ ಮೇಲಿದ್ದ ಬಿಳಿ ಅಂಗಿಯನ್ನು ಮಡಚಿಡಲು ಎತ್ತಿಕೊಂಡಳು. ಬೆರಳಿಗೆ ಏನೋ ಗಡುಸಾಗಿ ತಾಕಿತು. ಕಿಟಕಿಯ ಹತ್ತಿರ ಹಿಡಿದಳು. ಹೊರಗೆ ಫೆಬ್ರವರಿಯ ಹಿಮ, ಅದರ ಬೆಳಕು ಓರೆಯಾಗಿ ಬಟ್ಟೆಯ ಮೇಲೆ ಬಿದ್ದಾಗ ತೋಳಿನ ತುಂಬ ಹೂಗಳು ಎದ್ದು ನಿಂತವು. ಎಲೆ, ಬಳ್ಳಿ, ಎಳೆ ತೆಗೆದು ಹೆಣೆದ ಸಣ್ಣ ಸಣ್ಣ ಜಾಲರಿ. ಬಿಳಿ ಬಟ್ಟೆಯ ಮೇಲೆ ಬಿಳಿಯ ದಾರ. ವರ್ಷಗಟ್ಟಲೆ ಹಿಡಿದಿರಬೇಕಾದ ಕೆಲಸ. ಇದು ಕಣ್ಣು ಕಾಣದ ಮುದುಕಿ ಮರೆತು ಕಟ್ಟಿಟ್ಟ ಬಟ್ಟೆಯಲ್ಲ ಎಂದು ಓರಿಸ್ಯಾಳಿಗೆ ಹೊಳೆಯಿತು. ಬೇರೆಯದಲ್ಲ ಎಂದು ಅಮ್ಮ ಬರೆದದ್ದು ಬೇಕೆಂದೇ.

ಇಂಥದನ್ನು ಓದಬಲ್ಲವಳು ಒಬ್ಬಳೇ, ಮೆಲಾನಿಯಾ. ಎಂಬತ್ತನಾಲ್ಕು ವರ್ಷ, ಅಮ್ಮನ ದೊಡ್ಡಪ್ಪನ ಮಗಳು, ಲೊಝಾನಿವ್ಕಾದಿಂದ ಬಂದಿದ್ದ ಇನ್ನೊಬ್ಬಳು ಎಂದರೆ ಅವಳೇ. ಅಕ್ಕತಂಗಿಯರಂತೆ ಇದ್ದರು ಎಂದು ಜನ ಹೇಳುತ್ತಿದ್ದರು, ಅಂದರೆ ದಿನಾ ಜಗಳವಾಡುತ್ತಿದ್ದರು. ಓರಿಸ್ಯಾ ಅವಳ ಫ್ಲಾಟಿಗೆ ಹೋದಾಗ ಮುದುಕಿ ಭೂತಗನ್ನಡಿ ಹಿಡಿದು ಅಂದಿನ ಪತ್ರಿಕೆಯಲ್ಲಿ ಮರಣವಾರ್ತೆ ಓದುತ್ತಿದ್ದಳು.

"ಲೊಝಾನಿವ್ಕಾದಲ್ಲಿ ಹುಟ್ಟಿದರು ಅಂತ ಯಾರು ಬರೆದದ್ದು?"

"ನಾನೇ. ಅಮ್ಮ ಬರೆಯೋದು ಮರೆತಿದ್ರು."

"ಮರೆತಿದ್ದಳಂತೆ," ಎಂದು ಮೆಲಾನಿಯಾ ಭೂತಗನ್ನಡಿ ಕೆಳಗಿಟ್ಟಳು.

ಓರಿಸ್ಯಾ ಚೀಲದಿಂದ ಅಂಗಿ ತೆಗೆದು ಮೇಜಿನ ಮೇಲೆ ಹರಡಿದಳು. ಮೆಲಾನಿಯಾ ಅದನ್ನು ಮುಟ್ಟಲಿಲ್ಲ. ಎದ್ದು ಹೋಗಿ ಮೊದಲು ಕಿಟಕಿಯ ಪರದೆ ಎಳೆದು ಬಂದಳು. ಮೂರನೇ ಮಹಡಿ, ಎದುರಿಗೆ ಬರೀ ಬಯಲು.

"ಪೋಲ್ಟಾವಾದ್ದು," ಎಂದಳು. "ಬಿಳಿ ಮೇಲೆ ಬಿಳಿ. ಪಕ್ಕಾ ಪೂರ್ವ. ಕೈ ಮರೆತಿಲ್ಲ ನೋಡು ಅವಳಿಗೆ."

"ಯಾರೋ ಅಮ್ಮನಿಗೆ ಕೊಟ್ಟಿರಬೇಕು."

"ಯಾರೋ ಕೊಟ್ಟಿದ್ದರಲ್ಲಿ ಹೂಳಿಸ್ಕೊಳ್ಳೋಳಾ ನಿಮ್ಮಮ್ಮ? ಕೂತ್ಕೋ. ಅವಳೇ ಹೇಳಲಿ ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೋದಳು, ನನ್ನ ತಲೆಗೆ ಕಟ್ಟಿ."

ಮೆಲಾನಿಯಾ ಹೇಳಿದಳು. ಯುದ್ಧ ಮುಗಿದ ವರ್ಷ, ಜರ್ಮನಿಯ ಕ್ಯಾಂಪು. ಜರ್ಮನರು ದುಡಿಸಲು ಎಳೆದುತಂದ ಹುಡುಗಿಯರೆಲ್ಲ ಅಲ್ಲಿದ್ದರು.

"ರಷ್ಯದ ಅಧಿಕಾರಿಗಳು ಬಂದು ಪಟ್ಟಿ ಓದೋರು. ಪೂರ್ವದವರು ಅಂದ್ರೆ ಲಾರಿ ಹತ್ತಬೇಕು, ವಾಪಸ್. ವಾಪಸ್ ಹೋದೋರಿಗೆ ಅಲ್ಲಿ ಏನಾಗ್ತಿತ್ತು ಅಂತ ಎಲ್ಲರಿಗೂ ಗೊತ್ತಿತ್ತು. ನಾವು ಪಶ್ಚಿಮದವರು, ಮೊದಲು ಪೋಲೆಂಡಿನ ಕೈಕೆಳಗಿದ್ದೋರು, ನಮ್ಮನ್ನ ಮುಟ್ಟೋ ಹಾಗಿರಲಿಲ್ಲ. ಪಕ್ಕದ ಮಂಚದ ಹುಡುಗಿ ಒಬ್ಬಳು ಲಾರಿ ಹತ್ತೋ ಬದಲು ಮಹಡಿ ಮೇಲಿಂದ ಹಾರಿದಳು. ಅವತ್ತು ಸಾಯಂಕಾಲ ಪರಾಸ್ಕಾ ನನ್ನ ಹತ್ರ ಬಂದು, ನಿಮ್ಮೂರನ್ನ ನನಗೆ ಕಲಿಸು ಅಂದಳು."

ಮೂರು ವಾರ ಕಲಿಸಿದಳಂತೆ. ಬಾವಿ ಎಲ್ಲಿದೆ, ಪಾದ್ರಿಯ ಹೆಸರೇನು, ಪಾದ್ರಿಯ ಹೆಂಡತಿ ಯಾರ ಜೊತೆ ಮಾತು ಬಿಟ್ಟಿದ್ದಳು, ಯಾರ ಮನೆ ನಾಯಿ ಕಚ್ಚುತ್ತದೆ. ಮಾತಿನ ಧಾಟಿ ಕಲಿಸಿದಳು, ಕಪ್ಪು ಕಸೂತಿ ಕಲಿಸಿದಳು. ಕೊನೆಗೆ ಅಧಿಕಾರಿಯ ಮುಂದೆ ಶಿಲುಬೆ ಮುಟ್ಟಿ, ಇವಳು ನನ್ನ ಚಿಕ್ಕಪ್ಪನ ಮಗಳು ಎಂದು ಸುಳ್ಳು ಆಣೆ ಇಟ್ಟಳು.

"ಆಮೇಲೆ ಐವತ್ತೊಂಬತ್ತು ವರ್ಷ ನನಗೇ ಲೊಝಾನಿವ್ಕಾ ಕಲಿಸಿದಳು," ಎಂದಳು ಮೆಲಾನಿಯಾ, ಇದನ್ನು ಹೇಳುವಾಗ ಮಾತ್ರ ಅವಳ ದನಿ ಏರಿತು. "ಗುರುವಿಗೇ ತಿರುಮಂತ್ರ. ಬಾವಿ ಚರ್ಚಿನ ಎಡಕ್ಕೆ ಅಂದ್ರೆ, ಅಲ್ಲ ಬಲಕ್ಕೆ ಅಂತ ಎಲ್ಲರ ಮುಂದೆ ತಿದ್ದೋಳು. ಸಂಘದ ಅಧ್ಯಕ್ಷೆ ಚುನಾವಣೆಗೆ ನನ್ನ ಎದುರು ನಿಂತಳು. ನನ್ನ ಹೊಲಿಗೆ ನಮ್ಮೂರ ಹೊಲಿಗೆ ಹಾಗಿಲ್ಲವಂತೆ."

"ಬಾವಿ ಎಲ್ಲಿತ್ತು?"

"ಎಡಕ್ಕೆ." ಮುದುಕಿ ಸ್ವಲ್ಪ ಯೋಚಿಸಿದಳು. "ಈಗ ನನಗೂ ಗ್ಯಾರಂಟಿ ಇಲ್ಲ."

"ಅಪ್ಪನಿಗೆ ಗೊತ್ತಿತ್ತಾ?"

"ಮದುವೆಯಾಗಿ ಮೂರನೇ ವರ್ಷ ಗೊತ್ತಾಯ್ತು. ಒಂದು ವಾರ ಮಾತು ಬಿಟ್ಟ. ಆಮೇಲೆ ಹಸಿವಾಯ್ತು, ಸರಿಹೋದ."

ಓರಿಸ್ಯಾ ನಗಲಿಲ್ಲ. ಅವಳ ಎದೆಯಲ್ಲಿ ಒಂದೇ ಹೆಸರು ಸುತ್ತುತ್ತಿತ್ತು. "ಹಾಗಾದ್ರೆ ಒಲೆಕ್ಸಾ? ಅವರೂ ಪೋಲ್ಟಾವಾದವರೇ ಅಲ್ವಾ?"

"ಅವನ ಅಪ್ಪ ನಿಮ್ಮಮ್ಮನ ಪಕ್ಕದ ಊರಿನವನು. ಅದೇ ತೊಂದರೆ. ಬೀಗರಾಗಿ ಎದುರುಬದುರು ಕೂತರೆ ಮೊದಲನೇ ಪ್ರಶ್ನೆ ಏನು, ನೀವು ಯಾರ ಪೈಕಿ ಅಂತ. ಸುಳ್ಳು ಕಾಗದ ತೋರಿಸಿ ಬಂದೋರನ್ನ ಈ ದೇಶದವರು ಹಡಗು ಹತ್ತಿಸ್ತಾರೆ ಅಂತ ಅವಳು ಆವಾಗಲೂ ನಡುಗ್ತಿದ್ದಳು. ಮೊನ್ನೆ ಮೊನ್ನೆವರೆಗೂ."

ಓರಿಸ್ಯಾಳಿಗೆ ಸಿಟ್ಟು ಬಂತು. ಸುಳ್ಳಿನ ಮೇಲಲ್ಲ. ಲಾರಿಗೆ ಹೆದರಿ ಹೇಳಿದ ಸುಳ್ಳನ್ನು ಯಾರು ತಪ್ಪೆನ್ನುತ್ತಾರೆ. ಆದರೆ ಐವತ್ತೇಳು ವರ್ಷ ಒಂದೇ ಊರಿನಲ್ಲಿ, ಕೊನೆಯ ಒಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದು, ಅಮ್ಮನ ಕಾಲು ಒತ್ತಿ, ಮೈ ತೊಳೆಸಿ, ರಾತ್ರಿ ಮಾತ್ರೆ ಕೊಟ್ಟ ಮಗಳಿಗೆ ಒಂದು ಮಾತು ಹೇಳಬಾರದಿತ್ತೇ? ಕಡುಬಿಗೆ ಯಾವ ಆಲೂಗಡ್ಡೆ ಎಂದು ಬರೆದಿಟ್ಟಿದ್ದಳು. ತಾನು ಯಾರು ಎಂದು ಬರೆದಿರಲಿಲ್ಲ. ಅದನ್ನು ಮೈಮೇಲೆ ತೊಟ್ಟು ಊರಿಗೆಲ್ಲ ತೋರಿಸುವ ಆಸೆ ಇತ್ತು, ಮಗಳ ಕಿವಿಯಲ್ಲಿ ಹೇಳುವ ಆಸೆ ಇರಲಿಲ್ಲ.

"ಕಪ್ಪಂಗಿಯಲ್ಲೇ ಕಳಿಸು," ಎಂದಳು ಮೆಲಾನಿಯಾ. "ನಾಳೆ ಪೆಟ್ಟಿಗೆ ತೆರೆದಿಡ್ತಾರೆ, ಎಲ್ಲ ಸಾಲಾಗಿ ಬರ್ತಾರೆ. ಎಪ್ಪತ್ತು ದಾಟಿದ ಯಾವಳೇ ಆದರೂ ಈ ತೋಳನ್ನ ಅಂಗಡಿ ಬೋರ್ಡು ಓದಿದ ಹಾಗೆ ಓದಿಬಿಡ್ತಾಳೆ. ಅವಳ ಮಾನ ಹೋಗುತ್ತೆ. ನನ್ನದೂ. ಸುಳ್ಳಾಣೆ ಇಟ್ಟೋಳು ನಾನು. ನನ್ನನ್ನ ವಾಪಸ್ ಕಳಿಸಿದ್ರೆ?"

"ಎಂಬತ್ತನಾಲ್ಕು ವರ್ಷಕ್ಕೆ ಯಾರು ಕಳಿಸ್ತಾರೆ ನಿಮ್ಮನ್ನ?"

"ಸರ್ಕಾರಕ್ಕೆ ವಯಸ್ಸು ನೋಡೋ ಅಭ್ಯಾಸ ಇದ್ಯಾ?"

ಮನೆಗೆ ಬಂದು ಓರಿಸ್ಯಾ ಅಂಗಿಯನ್ನು ಎದುರಿಗಿಟ್ಟುಕೊಂಡು ಕೂತಳು. ತೊಡಿಸದಿದ್ದರೆ ಅಮ್ಮನ ಮಾನ ಉಳಿಯುತ್ತದೆ, ಕೊನೆಯ ಮಾತು ಮಣ್ಣಾಗುತ್ತದೆ. ತೊಡಿಸಿದರೆ ಮಾತು ನಡೆಯುತ್ತದೆ, ಅಮ್ಮ ಇಷ್ಟು ದಿನ ಪೂರ್ವದವರಿಗೆ ಉಗಿದದ್ದೆಲ್ಲ ಅವಳ ಮುಖಕ್ಕೇ ಬಂದು ಬೀಳುತ್ತದೆ. ಬೀಳಲಿ ಎಂದು ಒಂದು ಮನಸ್ಸು ಅಂದಿತು. ಅದನ್ನು ಓರಿಸ್ಯಾ ತನ್ನಿಂದ ತಾನು ಮುಚ್ಚಿಟ್ಟುಕೊಳ್ಳಲಿಲ್ಲ. ತನ್ನ ಒಲೆಕ್ಸಾನನ್ನು ತೆಗೆದುಕೊಂಡವಳು, ಸ್ವಲ್ಪ ಬೀಳಲಿ. ಗುರುವಾರ ಬೆಳಿಗ್ಗೆ ಅಂಗಿಯನ್ನು ಇಸ್ತ್ರಿ ಮಾಡಿ ತೆಗೆದುಕೊಂಡು ಹೊರಟಳು. ಒಳ್ಳೆಯ ಮಗಳಿಗೂ ಸೇಡಿನ ಮಗಳಿಗೂ ಒಂದೇ ಅಂಗಿ ಸಾಕಾಯಿತು.

"ಮೊದಲು ತಂದದ್ದೇ ಚೆನ್ನಾಗಿತ್ತು ಮೇಡಂ," ಎಂದ ಶವ ಸಿಂಗರಿಸುವವನು. "ಇದರಲ್ಲಿ ಡಿಸೈನೇ ಇಲ್ಲ."

ಸಂಜೆ ಆರಕ್ಕೆ ಪ್ರಾರ್ಥನೆ. ಪಾದ್ರಿ ಇಪ್ಪತ್ತೈದು ನಿಮಿಷ ಮಾತಾಡಿದರು. ಲೊಝಾನಿವ್ಕಾದ ಪವಿತ್ರ ಮಣ್ಣು, ಅಲ್ಲಿನ ತಾಯಂದಿರ ಶ್ರದ್ಧೆ, ಬೋರ್ಶ್ಚಿವ್ ಸೀಮೆಯ ಸಂಸ್ಕಾರ, ಒಂದನ್ನೂ ಬಿಡಲಿಲ್ಲ. ಪರಾಸ್ಕಾ ಬಿಳಿ ಅಂಗಿಯಲ್ಲಿ ಕೆನ್ನೆಗೆ ಬಣ್ಣವಿಲ್ಲದೆ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಳು. ಮೇಣದಬತ್ತಿಗಳ ಬೆಳಕು ಪಕ್ಕದಿಂದ ಬೀಳುತ್ತಿತ್ತು. ತೋಳಿನ ಒಂದೊಂದು ಎಲೆಯೂ ಕಾಣುತ್ತಿತ್ತು.

ಆಮೇಲೆ ಸಾಲು ಹೊರಟಿತು. ಮುಂದೆ ಸಂಘದ ಮುದುಕಿಯರು, ಕೋಲು, ತಲೆವಸ್ತ್ರ, ಕೈಯಲ್ಲಿ ಜಪಮಾಲೆ. ಎಲ್ಲರಿಗಿಂತ ಮೊದಲು ಬಂದವಳು ಗಾಯನ ಮೇಳದ ಯುಸ್ತಿನಾ. ಮುತ್ತಿಡಲು ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. ಓರಿಸ್ಯಾಳ ಸೇಡೆಲ್ಲ ಎಲ್ಲಿ ಹೋಯಿತೋ, ಅಮ್ಮನನ್ನು ಯಾರೂ ಏನೂ ಅನ್ನದಿದ್ದರೆ ಸಾಕಪ್ಪ ಎನ್ನಿಸಿತು.

ಯುಸ್ತಿನಾ ನಿಧಾನವಾಗಿ ನೆಟ್ಟಗಾಗಿ ಓರಿಸ್ಯಾಳ ಕಿವಿಯ ಹತ್ತಿರ ಬಂದಳು. "ನಿನಗೆ ಹೇಳಿದ್ದಳಾ?"

ಇಂಥ ಪ್ರಶ್ನೆಗೆ ಓರಿಸ್ಯಾ ಸಿದ್ಧಳಾಗಿರಲಿಲ್ಲ. ಅಮ್ಮ ಮಗಳನ್ನು ನಂಬಲಿಲ್ಲ ಎಂದು ಹೇಗೆ ಹೇಳುವುದು, ಅದೂ ಅಮ್ಮನ ತಲೆಯ ಹತ್ತಿರ ನಿಂತು.

"ಹೂಂ," ಎಂದಳು. "ಚಿಕ್ಕಂದಿನಲ್ಲೇ ಹೇಳಿದ್ರು."

"ಪುಣ್ಯವಂತೆ ನಿಮ್ಮಮ್ಮ," ಎಂದು ಯುಸ್ತಿನಾ ಕಣ್ಣೊರೆಸಿಕೊಂಡಳು. "ನಾನಿನ್ನೂ ನನ್ನ ಮಕ್ಕಳಿಗೆ ಹೇಳಿಲ್ಲ. ನಮ್ಮದು ಚೆರ್ನಿಹಿವ್ ಕಡೆ. ಯಾರಿಗೂ ಹೇಳಬೇಡ."

ಚೆರ್ನಿಹಿವ್ ಎಂದರೆ ಅದೂ ಸೋವಿಯತ್ ಕಡೆಯದೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಲಿನಲ್ಲಿ ಬಂದ ಮುದುಕಿಯರಲ್ಲಿ ಎಷ್ಟೋ ಜನ ಆ ತೋಳು ನೋಡಿ ತಮ್ಮ ತೋಳು ಸವರಿಕೊಂಡರು. ಇನ್ನೂ ನಾಲ್ವರು ಓರಿಸ್ಯಾಳ ಕಿವಿಗೆ ಬಂದು ಒಂದೊಂದು ಸೀಮೆಯ ಹೆಸರು ಹೇಳಿ, ಯಾರಿಗೂ ಹೇಳಬೇಡ ಎಂದು ಹೋದರು. ನಾಲ್ವರೂ ಅದೇ ಪ್ರಶ್ನೆ ಕೇಳಿದರು, ನಾಲ್ವರಿಗೂ ಓರಿಸ್ಯಾ ಅದೇ ಉತ್ತರ ಕೊಟ್ಟಳು. ನಾಲ್ಕನೆಯವಳಿಗೆ ಹೇಳುವಾಗ ಅದಕ್ಕೆ ಒಂದು ಅಡುಗೆಮನೆ, ಒಂದು ಮಳೆಯ ಸಂಜೆ, ಅಮ್ಮನ ಒದ್ದೆ ಕೈ ಎಲ್ಲ ಸೇರಿಕೊಂಡಿದ್ದವು.

ಮುಂದಿನ ಬೆಂಚಿನಲ್ಲಿ ಕೂತಿದ್ದ ಮೆಲಾನಿಯಾಳಿಗೆ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. ಓರಿಸ್ಯಾಳನ್ನು ಕೈಸನ್ನೆ ಮಾಡಿ ಕರೆದಳು. ವಾಪಸ್ ಕಳಿಸುವ ಭಯ ಅವಳ ಮುಖದಲ್ಲಿ ಈಗಿರಲಿಲ್ಲ, ಅದಕ್ಕಿಂತ ದೊಡ್ಡ ಸಂಕಟವಿತ್ತು.

"ಹಾಗಾದ್ರೆ ಈ ಸಂಘದಲ್ಲಿ ನಿಜವಾದ ಪಶ್ಚಿಮದೋಳು ನಾನೊಬ್ಬಳೇನಾ? ಇವರೆಲ್ಲ ಸೇರ್ಕೊಂಡು ನನ್ನ ಹೊಲಿಗೆ ತಿದ್ದಿದ್ದಾರಾ?"

ಸಾಲು ಕರಗುತ್ತಾ ಬಂದಾಗ ಕೊನೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಒಬ್ಬ ದಪ್ಪನೆಯ ಮನುಷ್ಯ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಈ ಚರ್ಚಿನ ಒಳಗೆ ಒಲೆಕ್ಸಾ ಕಾಲಿಟ್ಟದ್ದು ಇದೇ ಮೊದಲು. ಶವಪೆಟ್ಟಿಗೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ.

"ನಮ್ಮಮ್ಮನನ್ನೂ ಇಂಥದ್ದರಲ್ಲೇ ಕಳಿಸಿದ್ವಿ," ಎಂದ. ಓರಿಸ್ಯಾಳ ಕಡೆ ತಿರುಗಿ ಕೇಳಿದ, "ನಿನಗೆ ಯಾವಾಗಿಂದ ಗೊತ್ತು?"

ಆ ಸಂಜೆ ಐದು ಸಲ ಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಚಿಕ್ಕಂದಿನಿಂದ ಎಂದು ಇವನಿಗೆ ಹೇಳಿದರೆ ಅರವತ್ತೆಂಟರಲ್ಲೂ ಗೊತ್ತಿತ್ತು ಎಂದ ಹಾಗಾಗುತ್ತದೆ.

"ನಿನ್ನೆಯಿಂದ," ಎಂದಳು.

ಒಲೆಕ್ಸಾ ತಲೆಯಾಡಿಸಿದ. "ಅಪ್ಪನಿಗೆ ಆವಾಗಲೇ ಗೊತ್ತಾಗಿತ್ತು. ನಿಮ್ಮಮ್ಮ ನಮ್ಮ ಬಾಗಿಲಿಗೆ ಬಂದು ಬೈದರಲ್ಲ, ಸಿಟ್ಟಿನಲ್ಲಿ ಬೈಗುಳ ಎಲ್ಲ ನಮ್ಮೂರ ಕಡೇದೇ ಬಂತು. ಅವರು ಹೋದ ಮೇಲೆ ಅಪ್ಪ ಕೂತು ಅತ್ತುಬಿಟ್ಟ. ಮೂವತ್ತು ವರ್ಷ ಆಗಿತ್ತಂತೆ ಅಂಥ ಬೈಗುಳ ಕೇಳಿ. ಆಮೇಲೆ ಹೇಳಿದ, ಇವಳು ನಮ್ಮೋಳು ಕಣೋ, ಪ್ರಾಣಭಯಕ್ಕೆ ಮುಚ್ಚಿಕೊಂಡಿದ್ದಾಳೆ. ಈ ಮದುವೆ ಆದ್ರೆ ಒಂದಲ್ಲ ಒಂದು ದಿನ ಹೊರಗೆ ಬರುತ್ತೆ. ಅವಳ ಮನೆ ಮುರೀಬೇಡ, ಬಿಟ್ಟುಬಿಡು."

ಓರಿಸ್ಯಾ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. "ಮೂವತ್ತಾರು ವರ್ಷ ನೀನು ಹೇಡಿ ಅಂದ್ಕೊಂಡಿದ್ದೆ ನಾನು."

"ಗೊತ್ತು."

"ಒಂದು ಮಾತು ಹೇಳಬಹುದಿತ್ತಲ್ಲ ಒಲೆಕ್ಸಾ."

"ಹೇಳಿದ್ರೆ ಸುಮ್ಮನಿರ್ತಿದ್ಯಾ ನೀನು? ಸೀದಾ ಅಮ್ಮನ ಹತ್ರ ಹೋಗಿ ಕೂಗಾಡ್ತಿದ್ದೆ. ಕಿಟಕಿ ತೆಗೆದಿರೋದು, ಬೀದಿಗೆಲ್ಲ ಕೇಳಿರೋದು. ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯೋದಿಲ್ಲ."

ಅದು ನಿಜ. ಇಪ್ಪತ್ತೊಂದರ ಓರಿಸ್ಯಾ ಕೂಗಾಡುತ್ತಿದ್ದಳು. ಅಮ್ಮನಿಗೂ ಅದು ಗೊತ್ತಿತ್ತು. ಓರಿಸ್ಯಾಳಿಗೆ ಆಗ ಅಳು ಬಂತು, ಸೋಮವಾರದಿಂದ ಬಾರದಿದ್ದದ್ದು ಈಗ ತಡೆಯಲಾಗದೆ ಬಂತು. ಅಮ್ಮ ಬೇಕಾಗಿತ್ತು, ಜಗಳವಾಡಲಿಕ್ಕಾದರೂ ಬೇಕಾಗಿತ್ತು. ಒಲೆಕ್ಸಾ ಏನೂ ಮಾಡಲು ತೋಚದೆ ತನ್ನ ಟೋಪಿಯನ್ನು ಅವಳ ಕೈಗೆ ಕೊಟ್ಟು, ಮತ್ತೆ ಇಸಿದುಕೊಂಡ.

ಅಷ್ಟರಲ್ಲಿ ದಾರ್ಕಾ ಹಿಂದಿನ ಸಾಲುಗಳಿಂದ ದಾಪುಗಾಲು ಹಾಕಿಕೊಂಡು ಬಂದಳು. ಮುಖ ಕೆಂಪಾಗಿತ್ತು.

"ಅಮ್ಮಾ, ಯುಸ್ತಿನಾ ಅಜ್ಜಿ ಏನೋ ಹೇಳ್ತಿದ್ದಾರೆ. ನಮ್ಮಜ್ಜಿ ಪೋಲ್ಟಾವಾದವರಂತೆ, ನಿನಗೆ ಚಿಕ್ಕಂದಿನಿಂದ ಗೊತ್ತಿತ್ತಂತೆ. ಹೌದಾ?"

ಓರಿಸ್ಯಾ ಕಣ್ಣೊರೆಸಿಕೊಂಡಳು. ಯುಸ್ತಿನಾ ಎರಡು ಹೆಜ್ಜೆ ದೂರದಲ್ಲಿ ಕೋಲೂರಿ ನಿಂತಿದ್ದಳು, ಅವಳ ಹಿಂದೆ ಸಂಘದ ಇನ್ನೂ ಮೂವರು. ಪುಣ್ಯವಂತೆ ಪರಾಸ್ಕಾ ಮಗಳಿಗೆ ಎಲ್ಲ ಹೇಳಿ ಹೋದಳು ಎಂದು ನಂಬಿಕೊಂಡ ನಾಲ್ಕು ಮುಖಗಳು.

"ಹೌದು," ಎಂದಳು ಓರಿಸ್ಯಾ. "ಅಜ್ಜಿ ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ."

"ಮತ್ತೆ ಮಂಗಳವಾರ ನೈಟಿ ಅಂದಾಗ ಸುಮ್ಮನಿದ್ದೆ. ನಾಟಕ ಆಡಿದ್ಯಾ ನನ್ನ ಮುಂದೆ?"

"ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದ್ರು ಕಣೇ."

"ನಾನು ಯಾರೋನಾ? ಎಂಟು ವರ್ಷದಿಂದ ಭಾನುವಾರ ಭಾನುವಾರ ಅಜ್ಜಿ ತಲೆ ಬಾಚಿದ್ದು ನಾನು. ನನಗೊಂದು ಮಾತು ಹೇಳೋಕಾಗಲಿಲ್ವಾ ನಿಮಗೆ?"

ಮಗಳ ಮುಖದಲ್ಲಿದ್ದ ಸಿಟ್ಟು ಓರಿಸ್ಯಾಳಿಗೆ ಚೆನ್ನಾಗಿ ಪರಿಚಯದ್ದು. ಬುಧವಾರ ಮಧ್ಯಾಹ್ನ ಮೆಲಾನಿಯಾಳ ಮೇಜಿನ ಮುಂದೆ ಅದು ಅವಳದೇ ಆಗಿತ್ತು. ಒಲೆಕ್ಸಾ ಟೋಪಿಯ ಅಂಚು ತಿರುಗಿಸುತ್ತಾ ನಿಂತಿದ್ದ. ದಾರ್ಕಾ ತಿರುಗಿ ಬಾಗಿಲ ಕಡೆ ನಡೆದಳು.

ಈಗ ಬೇಡ, ಇವರೆಲ್ಲ ಇದ್ದಾರೆ, ನಾಳೆ ಮಣ್ಣಾದ ಮೇಲೆ ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದರಾಯಿತು ಎಂದುಕೊಂಡಳು ಓರಿಸ್ಯಾ. ಅಮ್ಮನೂ ಹಾಗೇ ಅಂದುಕೊಂಡಿರಬೇಕು, ನಾಳೆ ಹೇಳಿದರಾಯಿತು ಎಂದು, ಐವತ್ತು ವರ್ಷ.